ಕ್ಯಾನ್ಸರ್ ಮಾತ್ರೆಯ ಜೊತೆಗೆ ಕಷಾಯ, ಚೂರ್ಣ, ಅರಿಶಿನದ ಕ್ಯಾಪ್ಸೂಲ್: ಎಲ್ಲವನ್ನೂ ಒಟ್ಟಿಗೆ ನೋಡುವವರು ಯಾರು?

ಪ್ರಶ್ನೆ (ರೋಗಿಯ ತಂಗಿ, ಹಾಸನ)

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ 44 ವರ್ಷ. ಹಾರ್ಮೋನ್ ಅವಲಂಬಿತ ಸ್ತನ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ, ಕೀಮೋ ಮತ್ತು ವಿಕಿರಣ ಚಿಕಿತ್ಸೆ ಮುಗಿದಿವೆ. ಈಗ ಟ್ಯಾಮಾಕ್ಸಿಫೆನ್ 20 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೊಂದರಂತೆ ತೆಗೆದುಕೊಳ್ಳುತ್ತಿದ್ದಾಳೆ. ಕನಿಷ್ಠ ಐದು ವರ್ಷ ಇದನ್ನು ತಪ್ಪಿಸಬಾರದೆಂದು ಕ್ಯಾನ್ಸರ್ ತಜ್ಞರು ಹೇಳಿದ್ದಾರೆ.

ಆದರೆ ಅಕ್ಕನ ಹೊಟ್ಟೆಗೆ ಹೋಗುತ್ತಿರುವುದು ಈ ಮಾತ್ರೆಯೊಂದೇ ಅಲ್ಲ. ಕರಿಮೆಣಸಿನ ಸತ್ವ ಸೇರಿಸಿದ ಅರಿಶಿನದ ಕ್ಯಾಪ್ಸೂಲನ್ನು ಭಾವ ಆನ್‌ಲೈನಿನಲ್ಲಿ ತರಿಸುತ್ತಾರೆ. ಹಿತ್ತಲ ಬೇಲಿಯ ಅಮೃತಬಳ್ಳಿಯನ್ನು ಜಜ್ಜಿ ಅಮ್ಮ ದಿನವೂ ಬೆಳಿಗ್ಗೆ ಕಷಾಯ ಮಾಡಿಕೊಡುತ್ತಾರೆ. ಸುಸ್ತಿಗೆಂದು ಅಶ್ವಗಂಧ ಚೂರ್ಣವಿದೆ, ನೆಂಟರೊಬ್ಬರು ಕಳುಹಿಸಿದ ಲಕ್ಷ್ಮಣಫಲದ ಎಲೆಯ ಪುಡಿಯೂ ಇದೆ. ಇದರ ಮೇಲೆ, ಇದ್ದಕ್ಕಿದ್ದಂತೆ ಮೈ ಕಾವೇರಿ ಬೆವರುವುದಕ್ಕೂ ಆತಂಕಕ್ಕೂ ಊರಿನ ವೈದ್ಯರೊಬ್ಬರು ಪ್ಯಾರಾಕ್ಸೆಟಿನ್ ಎಂಬ ಮಾತ್ರೆಯನ್ನು ಬರೆದುಕೊಟ್ಟಿದ್ದಾರೆ.

ಕ್ಯಾನ್ಸರ್ ತಜ್ಞರನ್ನು ಮೂರು ತಿಂಗಳಿಗೊಮ್ಮೆ ಕಾಣುತ್ತೇವೆ. ಅವರ ಕೊಠಡಿಯ ಹೊರಗೆ ಕಾಯುತ್ತಿರುವ ಸಾಲನ್ನು ನೋಡಿದರೆ ಕಷಾಯದ ವಿಷಯ ಎತ್ತುವುದಕ್ಕೇ ಸಂಕೋಚವಾಗುತ್ತದೆ. ಆಯುರ್ವೇದದ ಅಂಗಡಿಯವರಿಗೆ ಟ್ಯಾಮಾಕ್ಸಿಫೆನ್ ಗೊತ್ತಿಲ್ಲ. ಆಸ್ಪತ್ರೆಯ ಔಷಧಿ ಕೌಂಟರಿನ ಪಕ್ಕದಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟರನ್ನು ಭೇಟಿ ಮಾಡಬಹುದೆಂಬ ಫಲಕವಿದೆ. ಅವರು ಮಾತ್ರೆ ಎಣಿಸಿ ಕೊಡುವುದಕ್ಕಿಂತ ಹೆಚ್ಚಾಗಿ ಏನು ಮಾಡುತ್ತಾರೆ? ಅಲೋಪತಿ ಮತ್ತು ಇತರ ಪದ್ಧತಿಗಳನ್ನು ಜೊತೆಯಾಗಿ ನಡೆಸುವ ಸಮನ್ವಯ ಚಿಕಿತ್ಸೆಯಲ್ಲಿ ಅವರ ಮಾತಿಗೆ ಎಷ್ಟು ತೂಕವಿದೆ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಕ್ಲಿನಿಕಲ್ ಫಾರ್ಮಸಿಸ್ಟ್, ಮೈಸೂರು)

ನಮಸ್ಕಾರ. ಖಂಡಿತ ಭೇಟಿ ಮಾಡಿ. ನೀವು ಬರೆದಿರುವ ಪಟ್ಟಿಯನ್ನು ಓದಿದ ಮೇಲೆ, ಮುಂದಿನ ಮೂರು ತಿಂಗಳ ಭೇಟಿಯವರೆಗೆ ಕಾಯದೆ ಈ ವಾರವೇ ಹೋಗಿ ಎನ್ನುತ್ತೇನೆ. ಅಲ್ಲಿಯವರೆಗೆ ವೈದ್ಯರು ಬರೆದುಕೊಟ್ಟ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.

ಈ ಪಟ್ಟಿಯಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಕಷಾಯದ ಮೇಲಲ್ಲ, ಪ್ಯಾರಾಕ್ಸೆಟಿನ್ ಮೇಲೆ. ಟ್ಯಾಮಾಕ್ಸಿಫೆನ್ ತಾನಾಗಿ ಅಷ್ಟು ಬಲವಾದ ಔಷಧಿಯಲ್ಲ. ಯಕೃತ್ತಿನಲ್ಲಿರುವ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಎಂಡಾಕ್ಸಿಫೆನ್ ಆಗಿ ಪರಿವರ್ತಿಸಿದ ನಂತರವೇ ಅದರ ಕೆಲಸ ಪೂರ್ಣವಾಗಿ ನಡೆಯುತ್ತದೆ. ಪ್ಯಾರಾಕ್ಸೆಟಿನ್ ಇದೇ ಕಿಣ್ವವನ್ನು ಬಲವಾಗಿ ತಡೆಯುವುದರಿಂದ, ಮಾತ್ರೆಯನ್ನು ದಿನವೂ ತಪ್ಪದೆ ನುಂಗಿದರೂ ದೇಹಕ್ಕೆ ಸಿಗಬೇಕಾದ ರೂಪದಲ್ಲಿ ಅದು ಸಾಕಷ್ಟು ಸಿಗದೆ ಹೋಗಬಹುದು. ಕೆನಡಾದ ಒಂಟಾರಿಯೋದಲ್ಲಿ ಟ್ಯಾಮಾಕ್ಸಿಫೆನ್ ಸೇವಿಸುತ್ತಿದ್ದ 2,430 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಎರಡೂ ಔಷಧಿಗಳು ಒಟ್ಟಿಗೆ ನಡೆದ ಅವಧಿ ಹೆಚ್ಚಿದಷ್ಟೂ ಸ್ತನ ಕ್ಯಾನ್ಸರಿನಿಂದಾಗುವ ಸಾವಿನ ಸಂಭವವೂ ಹೆಚ್ಚಿದ್ದುದು ಕಂಡುಬಂದಿತು. ನಂತರದ ಎಲ್ಲ ಅಧ್ಯಯನಗಳೂ ಇದನ್ನು ಇಷ್ಟೇ ಸ್ಪಷ್ಟವಾಗಿ ಸಮರ್ಥಿಸಿಲ್ಲ. ಆದರೂ ಮೈ ಕಾವೇರುವುದಕ್ಕೆ ವೆನ್ಲಾಫ್ಯಾಕ್ಸಿನ್‌ನಂತಹ, ಈ ಕಿಣ್ವವನ್ನು ಅಷ್ಟಾಗಿ ಮುಟ್ಟದ ಔಷಧಿ ಇರುವಾಗ ಅಪಾಯವನ್ನು ಹೊತ್ತುಕೊಳ್ಳಲು ಕಾರಣವೇ ಇಲ್ಲ. ಪ್ಯಾರಾಕ್ಸೆಟಿನ್ ಅನ್ನು ದಿಢೀರನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಹಾಗಾಗಿ ವೈದ್ಯರ ಸಲಹೆಯಂತೆ ಹಂತಹಂತವಾಗಿ ಬದಲಾಯಿಸಬೇಕು. ಇದನ್ನು ಗುರುತಿಸಿ, ಕ್ಯಾನ್ಸರ್ ತಜ್ಞರಿಗೂ ಔಷಧಿ ಬರೆದ ವೈದ್ಯರಿಗೂ ಲಿಖಿತವಾಗಿ ತಿಳಿಸಿ, ಪರ್ಯಾಯವನ್ನು ಸೂಚಿಸುವುದು ಫಾರ್ಮಸಿಸ್ಟರ ಕೆಲಸ. ನೀವು ಕೇಳಿದ ತೂಕ ಇಲ್ಲಿದೆ.

ಅರಿಶಿನದ ವಿಷಯದಲ್ಲಿ ಅಡುಗೆಯನ್ನೂ ಕ್ಯಾಪ್ಸೂಲನ್ನೂ ಬೇರೆ ಬೇರೆಯಾಗಿ ನೋಡಬೇಕು. ಅರಿಶಿನದ ಪುಡಿಯಲ್ಲಿ ಅದರ ಮುಖ್ಯ ಅಂಶವಾದ ಕರ್ಕ್ಯುಮಿನ್ ಇರುವುದು ತೂಕದ ಸುಮಾರು ಶೇ. 3ರಷ್ಟು. ಸಾರು, ಪಲ್ಯಗಳ ಮೂಲಕ ದಿನಕ್ಕೆ ಒಂದೆರಡು ಗ್ರಾಂ ಅರಿಶಿನ ತಿಂದರೆ ಕೆಲವು ಹತ್ತು ಮಿಲಿಗ್ರಾಂ ಕರ್ಕ್ಯುಮಿನ್ ಮಾತ್ರ ಒಳಹೋಗುತ್ತದೆ, ಅದರಲ್ಲಿ ರಕ್ತಕ್ಕೆ ಸೇರುವುದು ಇನ್ನೂ ಅತ್ಯಲ್ಪ. ಕ್ಯಾಪ್ಸೂಲಿನ ಲೆಕ್ಕ ಬೇರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿಯೇ, 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಹಲವು ಪಟ್ಟು ಏರುವುದನ್ನು ತೋರಿಸಿದ್ದರು. ಇಂದು ಮಾರುಕಟ್ಟೆಯಲ್ಲಿರುವ ಇಂತಹ ಕ್ಯಾಪ್ಸೂಲುಗಳೆಲ್ಲ ಇದೇ ತತ್ವದ ಮೇಲೆ ನಿಂತಿವೆ. ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮಿನಲ್ಲಿ ಟ್ಯಾಮಾಕ್ಸಿಫೆನ್ ಸೇವಿಸುವ 16 ರೋಗಿಗಳಿಗೆ ದಿನಕ್ಕೆ ಮೂರು ಬಾರಿ 1,200 ಮಿಲಿಗ್ರಾಂ ಕರ್ಕ್ಯುಮಿನ್ ಅನ್ನು ಪೈಪರಿನ್ ಜೊತೆ ಕೊಟ್ಟಾಗ ಎಂಡಾಕ್ಸಿಫೆನ್ ಪ್ರಮಾಣ ಸರಾಸರಿ ಶೇ. 12ರಷ್ಟು ಕುಸಿದದ್ದು 2019ರಲ್ಲಿ ವರದಿಯಾಗಿದೆ. ಅಧ್ಯಯನ ಚಿಕ್ಕದು, ಕುಸಿತವೂ ದೊಡ್ಡದಲ್ಲ. ಆದರೆ ಪ್ಯಾರಾಕ್ಸೆಟಿನ್ ಒಂದು ಕಡೆಯಿಂದಲೂ ಕ್ಯಾಪ್ಸೂಲು ಮತ್ತೊಂದು ಕಡೆಯಿಂದಲೂ ಒಂದೇ ಔಷಧಿಯನ್ನು ತಗ್ಗಿಸಬಹುದಾದಾಗ ಸುಮ್ಮನಿರಲಾಗದು. ಸಾರಿನ ಅರಿಶಿನ ಇರಲಿ, ಕ್ಯಾಪ್ಸೂಲು ಬೇಡ.

ಅಮೃತಬಳ್ಳಿ ಮತ್ತು ಅಶ್ವಗಂಧದ ಬಗ್ಗೆ ನನ್ನ ಚಿಂತೆ ಯಕೃತ್ತಿನದು. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿ ಸೇವಿಸಿ ಯಕೃತ್ತಿನ ಉರಿಯೂತಕ್ಕೊಳಗಾದ ಆರು ಮಂದಿಯ ವಿವರವನ್ನು ಮುಂಬೈ ವೈದ್ಯರು 2021ರಲ್ಲಿ ಪ್ರಕಟಿಸಿದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳು ಸೇರಿ ಇಂತಹ 43 ಪ್ರಕರಣಗಳನ್ನು ವರದಿ ಮಾಡಿದವು. ಅಶ್ವಗಂಧದಿಂದಲೂ ಇಂತಹ ತೊಂದರೆಯಾದ ಪ್ರಕರಣಗಳು ದಾಖಲಾಗಿವೆ. ಸೇವಿಸಿದವರೆಲ್ಲರಿಗೂ ಹೀಗಾಗುವುದಿಲ್ಲ. ಆದರೆ ಟ್ಯಾಮಾಕ್ಸಿಫೆನ್ ಕೂಡ ಯಕೃತ್ತಿನಲ್ಲಿ ಕೊಬ್ಬು ಸೇರಲು ಕಾರಣವಾಗಬಲ್ಲದು. ನಾಳೆ ಲಿವರ್ ಪರೀಕ್ಷೆಯಲ್ಲಿ ಏರುಪೇರಾದರೆ ಕಷಾಯ, ಚೂರ್ಣ, ಮಾತ್ರೆ ಈ ಮೂರರಲ್ಲಿ ಯಾವುದರಿಂದ ಎಂದು ಹೇಳಲು ಯಾರಿಗೂ ಸಾಧ್ಯವಾಗುವುದಿಲ್ಲ. ಆಗ ನಿಲ್ಲಿಸಬೇಕಾಗಿ ಬರುವುದು ಅತ್ಯಗತ್ಯವಾದ ಟ್ಯಾಮಾಕ್ಸಿಫೆನ್ ಆದರೆ ನಷ್ಟ ನಿಮ್ಮ ಅಕ್ಕನವರದು.

ಲಕ್ಷ್ಮಣಫಲದ ಎಲೆಯ ಪುಡಿಯನ್ನು ನಿಲ್ಲಿಸಿ ಎಂದು ನೇರವಾಗಿಯೇ ಹೇಳುತ್ತೇನೆ. ಪ್ರಯೋಗಾಲಯದಲ್ಲಿ ಅದರ ಸತ್ವ ಕ್ಯಾನ್ಸರ್ ಕೋಶಗಳನ್ನು ಕೊಂದಿರುವುದು ನಿಜ, ಆದರೆ ಮನುಷ್ಯರಲ್ಲಿ ಕ್ಯಾನ್ಸರ್ ವಾಸಿಯಾದುದಕ್ಕೆ ನಂಬಬಹುದಾದ ಪುರಾವೆಯಿಲ್ಲ. ಕೆರಿಬಿಯನ್ ದ್ವೀಪವಾದ ಗ್ವಾಡಲೂಪಿನಲ್ಲಿ ಈ ಹಣ್ಣನ್ನೂ ಎಲೆಯ ಕಷಾಯವನ್ನೂ ಬಹಳವಾಗಿ ಬಳಸುವವರಲ್ಲಿ ಪಾರ್ಕಿನ್ಸನ್ ಹೋಲುವ ನರರೋಗ ಅಸಹಜವಾಗಿ ಹೆಚ್ಚಿರುವುದು 1999ರಲ್ಲಿ ವರದಿಯಾಗಿದೆ. ಈ ಗಿಡದಲ್ಲಿರುವ ಅನೋನಾಸಿನ್ ನರಕೋಶಗಳಿಗೆ ವಿಷವೆಂಬುದೂ ತಿಳಿದಿದೆ.

ನಾವು ಕೆಲಸ ಮಾಡುವ ಬಗೆಯನ್ನೂ ಹೇಳಬೇಕು. ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರೆ ನಮ್ಮ ಕಡೆಯ ರೋಗಿಗಳಲ್ಲಿ ಹೆಚ್ಚಿನವರು ಇಲ್ಲವೆನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಕಷಾಯ, ಲೇಹ್ಯ, ನೆನೆಸಿದ ಮೆಂತ್ಯ ಇವೆಲ್ಲ ಅವರ ಲೆಕ್ಕದಲ್ಲಿ ಔಷಧಿಗಳೇ ಅಲ್ಲ. ಹಾಗಾಗಿ ನಾನು ಬೆಳಿಗ್ಗೆ ಎದ್ದು ಬಾಯಿ ತೊಳೆದ ಮೇಲೆ ಮೊದಲು ಏನು ಕುಡಿಯುತ್ತೀರಿ ಎಂದು ಆರಂಭಿಸಿ, ರಾತ್ರಿ ಮಲಗುವಾಗಿನ ಹಾಲಿನಲ್ಲಿ ಏನು ಬೆರೆಸುತ್ತೀರಿ ಎನ್ನುವವರೆಗೂ ಕೇಳುತ್ತೇನೆ. ಮನೆಯಲ್ಲಿರುವುದನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬರಲು ಹೇಳುತ್ತೇನೆ. ಮೇಜಿನ ಮೇಲೆ ಮೊದಲು ಆಸ್ಪತ್ರೆಯ ಮಾತ್ರೆಗಳು ಬರುತ್ತವೆ, ಆಮೇಲೆ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು, ಆಮೇಲೆ ಲೇಬಲ್ ಇರುವ ಡಬ್ಬಿಗಳು. ಚೀಲದ ತಳದಲ್ಲಿ ವೃತ್ತಪತ್ರಿಕೆಯ ತುಂಡಿನಲ್ಲಿ ಕಟ್ಟಿದ ಪೊಟ್ಟಣ ಉಳಿದಿರುತ್ತದೆ, ಅದನ್ನು ಹೊರತೆಗೆಯುವ ಮೊದಲು ರೋಗಿ ಜೊತೆಗೆ ಬಂದವರ ಮುಖ ನೋಡುತ್ತಾರೆ. ಆ ಕ್ಷಣದಲ್ಲಿ ನಾವು ಹುಬ್ಬು ಗಂಟಿಕ್ಕಿದರೆ ಮುಂದಿನ ಸಲ ಆ ಪೊಟ್ಟಣ ಮನೆಯಲ್ಲೇ ಉಳಿಯುತ್ತದೆ.

ಎಲ್ಲಕ್ಕೂ ಬೇಡವೆನ್ನುವುದು ನಮ್ಮ ಉದ್ದೇಶವಲ್ಲ. ಯೋಗವನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಬೆಂಗಳೂರಿನಲ್ಲೇ ಸ್ತನ ಕ್ಯಾನ್ಸರ್ ರೋಗಿಗಳೊಂದಿಗೆ ನಡೆದ ಅಧ್ಯಯನಗಳಲ್ಲಿ ಅದು ಕೀಮೋ ಕಾಲದ ವಾಕರಿಕೆಯನ್ನೂ ಆತಂಕವನ್ನೂ ತಗ್ಗಿಸಿದೆ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಮತ್ತು ಸಮನ್ವಯ ಚಿಕಿತ್ಸೆಯ ಸಂಘ ಸೇರಿ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಆತಂಕ ಮತ್ತು ಖಿನ್ನತೆಗೆ ಯೋಗವನ್ನು ಒಪ್ಪಿದೆ. ಸುಸ್ತಿಗೆ ದಿನನಿತ್ಯದ ನಡಿಗೆ ಅಶ್ವಗಂಧಕ್ಕಿಂತ ಹೆಚ್ಚು ಪುರಾವೆಯುಳ್ಳ ಉಪಾಯ. ಕೀಮೋ ಪಡೆಯುತ್ತಿದ್ದ 576 ರೋಗಿಗಳ ಅಧ್ಯಯನವೊಂದರಲ್ಲಿ ವಾಂತಿ ತಡೆಯುವ ಮಾತ್ರೆಯ ಜೊತೆಗೆ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ ಕೊಟ್ಟಾಗ ಮೊದಲ ದಿನದ ವಾಕರಿಕೆ ಕಡಿಮೆಯಾಗಿತ್ತು. ಕೀಮೋ ನಡೆಯುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರ ಉಪಯೋಗಕ್ಕೆಂದು ಬರೆದಿದ್ದೇನೆ.

ಉತ್ತರ 2 (ಆಯುರ್ವೇದ ವೈದ್ಯೆ, ಉಡುಪಿ)

ಮೈಸೂರಿನವರ ಉತ್ತರದ ಬಹುಪಾಲನ್ನು ಒಪ್ಪುತ್ತೇನೆ. ಎರಡು ವಿಷಯಗಳಲ್ಲಿ ಮಾತ್ರ ನನ್ನ ಅಭಿಪ್ರಾಯ ಸ್ವಲ್ಪ ಬೇರೆ.

ಬೇಲಿಯಿಂದ ಕಿತ್ತ ಬಳ್ಳಿ ಅಮೃತಬಳ್ಳಿಯೇ ಎಂಬುದನ್ನು ಯಾರು ಖಚಿತಪಡಿಸಿದ್ದಾರೆ? ಇದೇ ಕುಲದ ಬೇರೆ ಜಾತಿಯ ಬಳ್ಳಿಯೂ ನೋಡಲು ಹೀಗೆಯೇ ಇರುತ್ತದೆ. ಮುಂಬೈ ವರದಿ ಬಂದಾಗ ಆಯುಷ್ ಸಚಿವಾಲಯವೂ ಸಸ್ಯದ ಗುರುತಿನ ಪ್ರಶ್ನೆಯನ್ನೇ ಎತ್ತಿತ್ತು. ಅಶ್ವಗಂಧದ ವಿಷಯದಲ್ಲಿ, ಕೀಮೋ ಪಡೆಯುತ್ತಿದ್ದ 100 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಸ್ತು ಕಡಿಮೆಯಾದದ್ದು ಕಂಡುಬಂದಿದೆ. ಯಾರಿಗೆ ಯಾವುದು ಎಂದು ಚೀಟಿ ಎತ್ತಿ ನಿರ್ಧರಿಸಿದ ಅಧ್ಯಯನ ಅದಲ್ಲವಾದ್ದರಿಂದ ಅದರ ಬಲ ಸೀಮಿತ. ಆದರೂ ಆ ಗಿಡಕ್ಕೆ ಗುಣವೇ ಇಲ್ಲವೆಂದು ತಳ್ಳಿಹಾಕಬಾರದು. ವೈದ್ಯರ ಮೇಲ್ವಿಚಾರಣೆಯಲ್ಲಿ, ರಕ್ತಪರೀಕ್ಷೆಯ ಜೊತೆಗೆ, ಗೊತ್ತಾದ ತಯಾರಿಕೆಯನ್ನು ಗೊತ್ತಾದ ಪ್ರಮಾಣದಲ್ಲಿ ಕೊಡುವುದಕ್ಕೂ, ತೋಚಿದಷ್ಟು ಚಮಚ ಹಾಲಿಗೆ ಬೆರೆಸಿ ಕುಡಿಯುವುದಕ್ಕೂ ಬಹಳ ಅಂತರವಿದೆ.

ಇನ್ನೊಂದು ಮಾತು. ಆನ್‌ಲೈನಿನಲ್ಲಿ ಸಿಗುವ ಆಯುರ್ವೇದದ ಉತ್ಪನ್ನಗಳಲ್ಲಿ 193ನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಐದನೆಯ ಒಂದು ಭಾಗದಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಪತ್ತೆಯಾಗಿತ್ತು. ನನ್ನ ಪದ್ಧತಿಯ ಮೇಲಿನ ಗೌರವದಿಂದಲೇ ಇದನ್ನು ಹೇಳುತ್ತಿದ್ದೇನೆ. ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ ಯಾವುದನ್ನೂ ಕ್ಯಾನ್ಸರ್ ರೋಗಿಗೆ ಕೊಡಬೇಡಿ. ತೊಂದರೆಯಾದರೆ ಆಯುಷ್ ಔಷಧಿಗಳ ಅಡ್ಡಪರಿಣಾಮಗಳನ್ನು ದಾಖಲಿಸಲು ಪ್ರತ್ಯೇಕ ವ್ಯವಸ್ಥೆಯೇ ಇದೆ, ಅದರ ರಾಷ್ಟ್ರೀಯ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿದೆ. ನಮ್ಮವರು ಅಲ್ಲಿಗೆ ವರದಿ ಕಳುಹಿಸಲು ಹಿಂಜರಿಯುವುದು ತಪ್ಪೆಂದೇ ನನ್ನ ಭಾವನೆ. ನನ್ನಲ್ಲಿಗೆ ಬರುವ ಕ್ಯಾನ್ಸರ್ ರೋಗಿಗಳ ಔಷಧಿ ಪಟ್ಟಿಯನ್ನು ಆಸ್ಪತ್ರೆಯ ಫಾರ್ಮಸಿಸ್ಟರಿಗೆ ಕಳುಹಿಸಿ, ಅವರ ಉತ್ತರ ಬಂದ ಮೇಲೆಯೇ ನಾನು ಔಷಧಿ ಬರೆಯುವುದು.

ಉತ್ತರ 3 (ಔಷಧಿ ಅಂಗಡಿಯ ಫಾರ್ಮಸಿಸ್ಟ್, ತಿಪಟೂರು)

ದೊಡ್ಡ ಆಸ್ಪತ್ರೆಯ ಕ್ಲಿನಿಕಲ್ ಫಾರ್ಮಸಿಸ್ಟರನ್ನು ರೋಗಿ ಕಾಣುವುದು ಅಪರೂಪ, ಊರಿನ ಮೆಡಿಕಲ್ ಅಂಗಡಿಯವರನ್ನು ವಾರಕ್ಕೊಮ್ಮೆ ಕಾಣುತ್ತಾರೆ. ಹಾಗಾಗಿ ನಮ್ಮ ಪಾಲಿನ ಹೊಣೆಯ ಬಗ್ಗೆ ಬರೆಯುತ್ತಿದ್ದೇನೆ.

ಟ್ಯಾಮಾಕ್ಸಿಫೆನ್ ಒಯ್ಯುವ ಮನೆಯವರೇ ಇನ್ನೊಂದು ದಿನ ಬಂದು ಹುಳುಕಡ್ಡಿಗೆ ಮಾತ್ರೆ ಕೇಳುತ್ತಾರೆ. ನಮ್ಮಲ್ಲಿ ಅದಕ್ಕೆ ಬಹಳವಾಗಿ ಬಳಕೆಯಲ್ಲಿರುವ ಟರ್ಬಿನಾಫಿನ್ ಕೂಡ ಮೈಸೂರಿನವರು ಹೇಳಿದ ಅದೇ ಕಿಣ್ವವನ್ನು ತಡೆಯುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಎರ್ಲೋಟಿನಿಬ್ ಸೇವಿಸುವವರು ಹೊಟ್ಟೆ ಉರಿಗೆಂದು ಪ್ಯಾಂಟೊಪ್ರಜೋಲ್ ಸ್ಟ್ರಿಪ್ ಕೇಳುತ್ತಾರೆ. ಹೊಟ್ಟೆಯ ಆಮ್ಲ ತಗ್ಗಿದರೆ ಎರ್ಲೋಟಿನಿಬ್ ಸರಿಯಾಗಿ ಹೀರಲ್ಪಡುವುದಿಲ್ಲ. ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆ ಸೇವಿಸುವವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಕೂಡ ಸೇವಿಸುತ್ತಿದ್ದರೆ ರಕ್ತಸ್ರಾವದ ಅಪಾಯ ತೀವ್ರವಾಗುತ್ತದೆ. ಇವೆಲ್ಲ ಗಿಡಮೂಲಿಕೆಗಳಲ್ಲ, ದಿನವೂ ಕೈಗೆ ಸಿಗುವ ಮಾಮೂಲಿ ಮಾತ್ರೆಗಳು.

ಕೀಮೋ ಆದ ಮೇಲೆ ಪ್ಲೇಟ್‌ಲೆಟ್ ಇಳಿದಿದೆಯೆಂದು ಪಪ್ಪಾಯಿ ಎಲೆಯ ಮಾತ್ರೆ ಕೇಳಿಕೊಂಡು ಬರುವವರೂ ಇದ್ದಾರೆ. ವಾಟ್ಸಾಪ್‌ನಲ್ಲಿ ಬಂದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, ಡೆಂಗಿಗೆ ಕೆಲಸ ಮಾಡಿತಲ್ಲ ಎನ್ನುತ್ತಾರೆ. ಅಂಥವರಿಗೆ ಮಾತ್ರೆ ಕೊಡುವ ಮೊದಲು ನಾನು ಕೇಳುವುದು ಜ್ವರ ಇದೆಯೇ ಎಂದು. ಕೀಮೋ ನಡೆಯುತ್ತಿರುವವರ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ಆಸ್ಪತ್ರೆಗೆ ಧಾವಿಸಬೇಕಾದ ಸ್ಥಿತಿ. ಬಿಳಿ ರಕ್ತಕಣಗಳು ಕುಸಿದಿರುವಾಗ ಸೋಂಕು ಗಂಟೆಗಳಲ್ಲಿ ಹರಡುತ್ತದೆ. ಅಂಗಡಿಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಕಳುಹಿಸಿದರೆ ಜ್ವರ ಮರೆಯಾಗುತ್ತದೆಯೇ ಹೊರತು ಸೋಂಕು ಹೋಗುವುದಿಲ್ಲ. ಬೆಳಿಗ್ಗೆ ಹಸಿ ಗೋಧಿಹುಲ್ಲಿನ ರಸ ಕುಡಿಯುವವರಿಗೂ ಆ ದಿನಗಳಲ್ಲಿ ಬೇಡವೆನ್ನುತ್ತೇನೆ, ಸರಿಯಾಗಿ ತೊಳೆಯದ ಹಸಿಯಾದ ಯಾವುದೂ ಆಗ ಅಪಾಯವೇ.

2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ತಿಳಿವಳಿಕೆ ಕೊಡುವುದನ್ನು ನಮ್ಮ ಕರ್ತವ್ಯವೆಂದೇ ಹೇಳುತ್ತವೆ. ಸಂಜೆ ಏಳು ಗಂಟೆಗೆ ಅಂಗಡಿಯ ಮುಂದೆ ಗಿರಾಕಿಗಳು ತುಂಬಿರುವಾಗ ಇದು ಕಷ್ಟ, ಆದರೆ ಕ್ಯಾನ್ಸರ್ ಔಷಧಿ ಒಯ್ಯುವವರು ಒಂದು ಊರಿನಲ್ಲಿ ಎಷ್ಟು ಮಂದಿ ಇದ್ದಾರು? ಅವರ ಹೆಸರಿನ ಪುಟವನ್ನು ನಾನು ಬೇರೆಯಾಗಿಯೇ ಇಟ್ಟಿದ್ದೇನೆ. ಮೇಡಂ, ನಿಮ್ಮ ಊರಿನ ಅಂಗಡಿಯವರಿಗೂ ಅಕ್ಕನವರು ಟ್ಯಾಮಾಕ್ಸಿಫೆನ್ ಸೇವಿಸುತ್ತಿದ್ದಾರೆಂದು ತಿಳಿಸಿ, ಒಂದೇ ಅಂಗಡಿಯಲ್ಲಿ ಎಲ್ಲವನ್ನೂ ಕೊಳ್ಳಿ.

ಉತ್ತರ 4 (ಆಸ್ಪತ್ರೆ ಫಾರ್ಮಸಿಸ್ಟ್, ಇಂಗ್ಲೆಂಡ್, ಮೂಲ ದೇವನಹಳ್ಳಿ)

ಇಲ್ಲಿ ಕ್ಯಾನ್ಸರ್ ತರಬೇತಿ ಪಡೆದ ಫಾರ್ಮಸಿಸ್ಟ್ ಪರಿಶೀಲಿಸಿ ಒಪ್ಪದೆ ಕೀಮೋ ತಯಾರಾಗುವುದಿಲ್ಲ. 2006ರಿಂದ ಅರ್ಹತೆ ಪಡೆದ ಫಾರ್ಮಸಿಸ್ಟರು ಸ್ವತಃ ಔಷಧಿ ಬರೆಯುವ ಅಧಿಕಾರವನ್ನೂ ಹೊಂದಿದ್ದಾರೆ. ಮೊದಲ ಭೇಟಿಯಲ್ಲೇ ಗಿಡಮೂಲಿಕೆಗಳ ಬಗ್ಗೆ ಕೇಳಿ ದಾಖಲಿಸುತ್ತೇವೆ. ಖಿನ್ನತೆಗೆಂದು ಇಲ್ಲಿ ಚೀಟಿಯಿಲ್ಲದೆ ಸಿಗುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ, ಕರುಳಿನ ಕ್ಯಾನ್ಸರಿಗೆ ಕೊಡುವ ಇರಿನೊಟೆಕಾನ್‌ನ ಸಕ್ರಿಯ ರೂಪವನ್ನು ಶೇ. 42ರಷ್ಟು ಇಳಿಸಿದ್ದು 2002ರಲ್ಲೇ ತಿಳಿದುಬಂದಿತ್ತು. ರಕ್ತದ ಕ್ಯಾನ್ಸರಿಗೆ ಬಳಸುವ ಇಮಾಟಿನಿಬ್ ಕೂಡ ಇದರಿಂದ ಶೇ. 30ರಷ್ಟು ಇಳಿಯುತ್ತದೆ. ಈಗ ಭಾರತದಲ್ಲೂ ಆನ್‌ಲೈನಿನಲ್ಲಿ ಇದು ಸಿಗುವುದರಿಂದ ಬರೆಯುತ್ತಿದ್ದೇನೆ.

ನಮ್ಮೂರಿನ ಚಕ್ಕೋತದ ಬಗ್ಗೆಯೂ ಒಂದು ಮಾತು. ನಿಲೋಟಿನಿಬ್‌ನಂತಹ ಹಲವು ಕ್ಯಾನ್ಸರ್ ಮಾತ್ರೆಗಳ ಜೊತೆ ಗ್ರೇಪ್‌ಫ್ರೂಟ್ ತಿನ್ನಬಾರದೆಂದು ಔಷಧಿಯ ಹಾಳೆಯಲ್ಲಿ ಮುದ್ರಿಸಿರುತ್ತಾರೆ. ಅದನ್ನು ಓದುವ ಕನ್ನಡಿಗರು ತಮಗೆ ಸಂಬಂಧವಿಲ್ಲವೆಂದು ಬಿಟ್ಟುಬಿಡುತ್ತಾರೆ. ಚಕ್ಕೋತ ಅದೇ ಕುಟುಂಬದ ಹಣ್ಣು, ಔಷಧಿಯ ಮಟ್ಟವನ್ನು ಅಪಾಯಕರವಾಗಿ ಏರಿಸುವ ಅದೇ ಬಗೆಯ ಅಂಶಗಳು ಅದರಲ್ಲೂ ಇವೆ. ಎಚ್ಚರಿಕೆಯನ್ನು ರೋಗಿಯ ಊರಿನ ಹಣ್ಣಿನ ಹೆಸರಿನಲ್ಲಿ ಹೇಳಬಲ್ಲವರು ಅಲ್ಲಿನ ಫಾರ್ಮಸಿಸ್ಟರೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮುಂದಿನ ವಾರ ಫಾರ್ಮಸಿಸ್ಟರ ಭೇಟಿಗೆ ಸಮಯ ಕೇಳಿದ್ದೇವೆ. ಒಂದೇ ಅಳುಕು ಉಳಿದಿದೆ. ಕಷಾಯ ಕಾಯಿಸಿ ಕೊಡುವುದೊಂದೇ ಅಮ್ಮನಿಗೆ ತನ್ನ ಕೈಲಾದ ಸೇವೆ. ಅದನ್ನೂ ನಿಲ್ಲಿಸಿ ಎಂದರೆ ಅವರು ನೊಂದುಕೊಳ್ಳುತ್ತಾರೆ. ಅಕ್ಕನೂ ಅಮ್ಮನ ಮನಸ್ಸಿಗಾಗಿ ಗುಟ್ಟಾಗಿ ಕುಡಿಯುವುದನ್ನು ಮುಂದುವರಿಸಬಹುದು. ಇದನ್ನು ಹೇಗೆ ನಿಭಾಯಿಸುವುದು?

ಉತ್ತರ 5 (ಕ್ಲಿನಿಕಲ್ ಫಾರ್ಮಸಿಸ್ಟ್, ಮೈಸೂರು)

ಅಮ್ಮನವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇದು ಔಪಚಾರಿಕ ಸಲಹೆಯಲ್ಲ. ಕಷಾಯದ ಪ್ರಮಾಣ, ಕಾಯಿಸುವ ಬಗೆ, ಎಷ್ಟು ದಿನದಿಂದ ಎಂಬುದೆಲ್ಲ ಅವರಿಗೇ ಗೊತ್ತಿರುವುದರಿಂದ ಫಾರ್ಮಸಿಸ್ಟರಿಗೆ ಅವರು ಬೇಕು. ಅವರೊಡನೆ ಗೌರವದಿಂದ ಮಾತನಾಡಿ ಕಾರಣವನ್ನು ವಿವರಿಸಿದರೆ ಹೆಚ್ಚಿನ ತಾಯಂದಿರು ಒಪ್ಪುತ್ತಾರೆ. ಮಗಳ ಬೆನ್ನ ಹಿಂದೆ ಯಾರೋ ನಿಷೇಧ ಹೇರಿದರೆಂದು ತಿಳಿದಾಗಲೇ ಅವರು ಹಟ ಹಿಡಿಯುವುದು.

ಅವರ ಕೈಗೆ ಬೇರೆ ಕೆಲಸವನ್ನೂ ಕೊಡಬಹುದು. ಅಮೃತಬಳ್ಳಿಯ ಬದಲು ಜೀರಿಗೆ, ಕೊತ್ತಂಬರಿ ಬೀಜ ಹಾಕಿ ಕುದಿಸಿದ ತೆಳುವಾದ ಕಷಾಯವನ್ನು ಅಡುಗೆಯಲ್ಲಿ ಬಳಸುವಷ್ಟೇ ಪ್ರಮಾಣದಲ್ಲಿ ಮಾಡಿಕೊಡಲು ನನ್ನ ಆಕ್ಷೇಪವಿಲ್ಲ. ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ ನೆನಪಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಹೊಣೆಯೂ ಅವರದೇ ಆಗಲಿ. ಐದು ವರ್ಷದ ಔಷಧಿಯಲ್ಲಿ ನಡುವೆ ಕೈಬಿಡುವವರು ಬಹಳ ಮಂದಿ. ಹಾಗಾಗಿ ಇದು ಸಣ್ಣ ಕೆಲಸವಲ್ಲ.

ಭೇಟಿಗೆ ಹೋಗುವಾಗ ಡಬ್ಬಿ, ಪೊಟ್ಟಣಗಳನ್ನೆಲ್ಲ ಒಯ್ಯಿರಿ, ಬಳ್ಳಿಯ ಎಲೆಸಹಿತವಾದ ತುಂಡೂ ಇರಲಿ. ಕಳೆದ ಲಿವರ್ ಪರೀಕ್ಷೆಯ ವರದಿ ಆರು ತಿಂಗಳಿಗಿಂತ ಹಳೆಯದಾಗಿದ್ದರೆ ಹೊಸದಾಗಿ ಮಾಡಿಸಲು ಕ್ಯಾನ್ಸರ್ ತಜ್ಞರನ್ನು ಕೇಳಿ. ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಮೈಯೆಲ್ಲ ತುರಿಕೆ, ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಮುಟ್ಟಿನ ಹೊರತಾದ ರಕ್ತಸ್ರಾವ, ಇವುಗಳಲ್ಲಿ ಯಾವುದು ಕಂಡರೂ ಭೇಟಿಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ತಿಳಿಸಿ. ಪ್ಯಾರಾಕ್ಸೆಟಿನ್ ಬರೆದ ವೈದ್ಯರಿಗೆ ತೋರಿಸಲು ಫಾರ್ಮಸಿಸ್ಟರಿಂದ ಒಂದು ಪತ್ರ ಕೇಳಿ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿದರೆ ದಾರಿಯಲ್ಲಿ ಅರ್ಧ ಮರೆತುಹೋಗುತ್ತದೆ.